ಕಂಡವರು ಯಾರು

ಭಾವಮೈದುನ ಬಂದಾಗ ನಾನು ಒಂದು ಹಳೆಯ ನಿಘಂಟಿನ ಬೆನ್ನಿಗೆ ಅಂಟು ಹಚ್ಚುತ್ತಿದ್ದೆ. ಅಂಟು ಹಚ್ಚಿದ ಪುಸ್ತಕವನ್ನು ನಡುವೆ ಬಿಟ್ಟು ಏಳುವಂತಿಲ್ಲ. ಅವನಿಗೆ ಅದು ಚಿಕ್ಕಂದಿನಿಂದಲೂ ಗೊತ್ತು. ಬಾಗಿಲ ಪಕ್ಕದ ರಟ್ಟಿನ ಕಟ್ಟಿನ ಮೇಲೆ ಕುಳಿತು ಕಾದ. ಜಿಲ್ಲಾ ಮಂಡಳಿಯ ಚುನಾವಣೆಗೆ ನಿಂತ ಮೇಲೆ ಅವನ ಗಂಟಲು ಕೆಟ್ಟುಹೋಗಿತ್ತು. ಕೆಮ್ಮಿದರೆ ಹರಿದ ತಗಡು ಅಲ್ಲಾಡಿದಂತೆ ಸದ್ದಾಗುತ್ತಿತ್ತು.

"ಭಾವ, ಭಾನುವಾರ ಸಭಾಭವನಕ್ಕೆ ನೀವು ಬರಲೇಬೇಕು."

"ನಾನು ಎಲ್ಲಿಗೂ ಹೋಗ್ತಾ ಇಲ್ಲವಲ್ಲಪ್ಪ."

"ಪ್ರಾರ್ಥನೆಗೆ ಹೋಗ್ತೀರಲ್ಲ."

"ಅದು ಬೇರೆ."

"ಇದೂ ದೇವರ ಕೆಲಸಾನೇ ಅಂದ್ಕೊಳ್ಳಿ. ಬಂದು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ನಾನು ಅಕ್ಕನ ವಿಷಯ ಹೇಳ್ತೀನಿ. ದೊಡ್ಡ ಟೀಚರ್ 'ಕಂಡವರು ಯಾರು' ಅಂತಾರೆ. ಆಗ ನೀವು ಎದ್ದು ನಿಂತರೆ ಸಾಕು. ಬೇರೆಯವರು ಎದ್ದು ನಿಲ್ಲೋದು ಒಂದು, ನೀವು ನಿಲ್ಲೋದು ಒಂದು."

ನನ್ನ ಕೈಯಲ್ಲಿದ್ದ ಕುಂಚ ಹಾಗೆಯೇ ನಿಂತಿತು. ಅಂಟು ಒಂದು ಹನಿಯಾಗಿ ಮೇಜಿನ ಮೇಲೆ ಬಿತ್ತು.

ನಮ್ಮ ಊರಿನ ಸಭಾಭವನದಲ್ಲಿ ಒಂದು ನಿಯಮವಿದೆ. ಬೇರೆ ಊರಿನವರು ಕೇಳಿದರೆ ನಗುತ್ತಾರೆ. ಮತದಾನಕ್ಕೆ ಮುಂಚಿನ ಭಾನುವಾರ ಅಭ್ಯರ್ಥಿಗಳೆಲ್ಲರೂ ಅಲ್ಲಿಗೆ ಬಂದು ಊರಿನವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಮುಂದೆ ಏನು ಮಾಡುತ್ತೇನೆಂದು ಯಾರು ಎಷ್ಟು ಬೇಕಾದರೂ ಹೇಳಬಹುದು, ಅದಕ್ಕೆ ತಡೆಯಿಲ್ಲ. ಆದರೆ 'ಹೀಗೆ ನಡೆಯಿತು' ಎಂದು ಆಗಿಹೋದ ಸಂಗತಿಯನ್ನು ಎತ್ತಿದರೆ, ಅಧ್ಯಕ್ಷರು ಅಲ್ಲಿಗೇ ತಡೆದು 'ಕಂಡವರು ಯಾರು?' ಎಂದು ಕೇಳುತ್ತಾರೆ. ಕಂಡವರು ಎದ್ದು ನಿಂತು, 'ನಾನು ಕಂಡೆ' ಎಂದು ಆರಂಭಿಸಿ, ಕಂಡಷ್ಟನ್ನು ಮಾತ್ರ ಹೇಳಬೇಕು. ಕೇಳಿದ್ದು, ಊಹಿಸಿದ್ದು ಬೇಡ. ಯಾರೂ ಏಳದಿದ್ದರೆ, ಅಥವಾ ಕಂಡವರ ಮಾತು ಬೇರೆಯಾದರೆ, ಅಭ್ಯರ್ಥಿ ಆ ಸಂಗತಿಯನ್ನು ಕೈಬಿಟ್ಟು ಇನ್ನೊಮ್ಮೆ ಉತ್ತರ ಕೊಡಬೇಕು. ನನ್ನ ಮದುವೆಗೂ ಮುಂಚೆ ಒಬ್ಬ ಅಭ್ಯರ್ಥಿ, ಇನ್ನೊಬ್ಬ ನೀರಿನ ತೊಟ್ಟಿಗೆ ಸತ್ತ ನಾಯಿ ಹಾಕಿಸಿದನೆಂದು ಹೇಳಿ, ಕುರ್ಚಿಗಳು ಹಾರಾಡಿ, ಭವನದ ಕಿಟಕಿಗಳೆಲ್ಲ ಒಡೆದವಂತೆ. ನಾಯಿಯನ್ನು ಮಾತ್ರ ಯಾರೂ ಕಂಡಿರಲಿಲ್ಲ. ಅಂದು ಬಂದ ನಿಯಮ ಇದು.

"ಅಕ್ಕನ ವಿಷಯ ಏನು ಹೇಳ್ತೀಯ?" ಎಂದೆ.

"ಊರಿಗೆಲ್ಲ ಗೊತ್ತಿರೋದೇ. ಸೇತುವೆ ಮುಚ್ಚಿತ್ತು. ದವಾಖಾನೆಗೆ ಸಂಜೆಯೇ ಬೀಗ ಬಿದ್ದಿತ್ತು. ಆಂಬುಲೆನ್ಸು ಸೇತುವೆ ಬಾಯಲ್ಲಿ ನಿಂತೇ ಇತ್ತು, ಅಕ್ಕ ಒಳಗೆ..." ಕೆಮ್ಮಿದ.

"ನೋಡು, ಅವತ್ತು..." ಎಂದು ನಾನು ಆರಂಭಿಸಿದೆ.

"ಭಾವ, ಒಂದೇ ಮಾತು ಹೇಳಿ. ಆಂಬುಲೆನ್ಸು ನಿಂತಿತ್ತೋ ಇಲ್ಲವೋ?"

"ನಿಂತಿತ್ತು."

"ಅಷ್ಟು ಸಾಕು ನನಗೆ."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಮಾತಾಡುತ್ತಲೇ ಎದ್ದು, ನನ್ನ ಹೆಗಲನ್ನೊಮ್ಮೆ ಮುಟ್ಟಿ, ಹೊರಟುಹೋದ.

ಅವನು ನನ್ನ ಹೆಂಡತಿಯ ತಮ್ಮ. ತಾಯಿ ತೀರಿಕೊಂಡಾಗ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಮದುವೆಯಾದಾಗ ಅವಳು ತನ್ನ ಹೊಲಿಗೆಯಂತ್ರವನ್ನೂ ಇವನನ್ನೂ ಜೊತೆಗೆ ಕರೆತಂದಳು. ನಮಗೆ ಮಕ್ಕಳಾಗಲಿಲ್ಲ. ಹೊಲಿಗೆಯಂತ್ರದ ಸದ್ದು, ಇವನ ಗಲಾಟೆ, ಇವೆರಡೇ ನಮ್ಮ ಮನೆ ತುಂಬಿದ್ದು. ಈಗ ಅವನಿಗೂ ತಲೆ ನರೆತಿದೆ. ಶಾಲೆಯ ವ್ಯಾನು ಓಡಿಸುತ್ತಾನೆ. ಕಂಬ ಬಿರುಕುಬಿಟ್ಟು ಸೇತುವೆ ಮುಚ್ಚಿದಂದಿನಿಂದ ಮಕ್ಕಳನ್ನು ಸುತ್ತುದಾರಿಯಲ್ಲಿ ಸಾಗಿಸಿ ಸಾಗಿಸಿ ರೋಸಿಹೋಗಿದ್ದ. ಅಕ್ಕ ಹೋದ ಮೇಲೆ ಆ ಬೇಸರ ಸಿಟ್ಟಾಗಿ ತಿರುಗಿತು. ನಾಲ್ಕು ಜನ ನಿಲ್ಲು ಎಂದರು, ನಿಂತ.

ಆ ದಿನ ನಡೆದದ್ದು ಇಷ್ಟು. ಊಟವಾದ ಮೇಲೆ ಅವಳು ಒಳಕೋಣೆಯ ಕಿಟಕಿಯ ಬಳಿ ಕುಳಿತು ಶಾಲೆಯ ಅಂಗಿಗಳಿಗೆ ಕಾಜ ಹಾಕುತ್ತಿದ್ದಳು. ನಾನು ಮುಂದಿನ ಕೋಣೆಯಲ್ಲಿ ಪುಸ್ತಕ ಹೊಲಿಯುತ್ತಿದ್ದೆ. ಸಂಜೆ ಟೀ ಮಾಡಿಕೊಂಡು ಹೋದಾಗ ಅವಳ ತಲೆ ಗೋಡೆಗೆ ಒರಗಿತ್ತು. ನಿದ್ದೆ ಎಂದುಕೊಂಡೆ. ಲೋಟ ಇಟ್ಟು ಕೈ ಮುಟ್ಟಿದೆ. ಕೈ ತಣ್ಣಗಿತ್ತು. ಬೆರಳುಗಳು ಬಿಗಿದುಕೊಂಡಿದ್ದವು, ಸೂಜಿಯನ್ನು ಬಿಡಿಸಲು ಆಗಲಿಲ್ಲ. ನಾನು ಅಲ್ಲಿಯೇ ನೆಲದ ಮೇಲೆ ಕುಳಿತು ದೇವರ ಹೆಸರು ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ ತಿಳಿಯದು. ಆಮೇಲೆ ಪಕ್ಕದವರು ಬಂದರು, ಫೋನು ಮಾಡಿದರು, ಸುತ್ತುದಾರಿಯಲ್ಲಿ ಆಂಬುಲೆನ್ಸು ಬಂತು. ಅದರ ಡ್ರೈವರನಿಗೂ ಜೊತೆಯವನಿಗೂ ನೋಡಿದೊಡನೆ ತಿಳಿಯಿತು. "ನಾವು ಹೇಳೋ ಹಾಗಿಲ್ಲ ತಾತ, ಡಾಕ್ಟರೇ ನೋಡಿ ಹೇಳಬೇಕು" ಎಂದ ಡ್ರೈವರು. ಹೊಳೆಯಾಚೆಯ ಆಸ್ಪತ್ರೆಯ ಡಾಕ್ಟರು ನೋಡಿ, ಊಟವಾದ ಸ್ವಲ್ಪ ಹೊತ್ತಿಗೇ ಹೋಗಿದ್ದಾರೆ, ನೋವೇನೂ ತಿಳಿದಿರಲಾರದು ಎಂದರು. ಆ ಹೊತ್ತಿನಲ್ಲಿ ನಮ್ಮ ಬೀದಿಯ ದವಾಖಾನೆ ತೆರೆದೇ ಇತ್ತು. ಸೇತುವೆಯ ಮೇಲೆ ರಾಜಮಾರ್ಗವೇ ತೆರೆದಿದ್ದರೂ ಅವಳಿಗೆ ಬೇಕಾಗಿರಲಿಲ್ಲ.

ಊರು ಕಂಡದ್ದು ಬೇರೆ. ಮುಚ್ಚಿದ ಸೇತುವೆಯ ಮುಂದೆ, ತಲೆಯ ಮೇಲೆ ಕೆಂಪು ದೀಪ ತಿರುಗುತ್ತಾ, ಅಲ್ಲಾಡದೆ ನಿಂತ ಆಂಬುಲೆನ್ಸು. ಒಳಗೆ ಹೊಲಿಗೆ ಅಕ್ಕ ಇದ್ದಾರೆಂಬುದು ಗೊತ್ತು. ಮಾರನೆಯ ದಿನ ಅವಳು ತೀರಿಕೊಂಡ ಸುದ್ದಿ ಬಂತು. ಇಷ್ಟಾದ ಮೇಲೆ ಯಾರು ಯಾರನ್ನು ಕೇಳಬೇಕು? ಸಂತಾಪಕ್ಕೆ ಬಂದವರೆಲ್ಲ ಸೇತುವೆಯನ್ನು ಬೈದರು. ನನಗೆ ಆಗ ಮಾತು ಹೊರಡುತ್ತಿರಲಿಲ್ಲ. ಬೈಯುತ್ತಿರುವುದು ಏತಕ್ಕೆಂದೂ ನಾನು ಗಮನಿಸಲಿಲ್ಲ. ಭಾವಮೈದುನ ದೂರದಿಂದ ಓಡಿಬಂದಾಗ ಅವನ ಕಿವಿಗೆ ಮೊದಲು ಬಿದ್ದದ್ದೂ ಅದೇ.

ಶನಿವಾರ ಬೇಕರಿಯ ತಾಯಿ ಬನ್ನು ಹಿಡಿದು ಬಂದರು. ನಮ್ಮ ಗೋಡೆಗೆ ಅಂಟಿಕೊಂಡೇ ಅವರ ಬೇಕರಿ. ಅಂದು ಫೋನು ಮಾಡಿದವರೂ ಅವರೇ, ಅವಳನ್ನು ಮುಟ್ಟಿ ನೋಡಿದವರೂ ಅವರೇ. ಅವರ ಗಂಡನಿಗೆ ಉಬ್ಬಸ. ಸಂಜೆಯಾದರೆ ಉಸಿರು ಸಿಕ್ಕಿಕೊಳ್ಳುತ್ತದೆ. ದವಾಖಾನೆಗೆ ಅದೇ ಹೊತ್ತಿಗೆ ಬೀಗ ಬೀಳುತ್ತದೆ. ಎರಡನೆಯ ನರ್ಸಿನ ಹುದ್ದೆಯನ್ನು ಜಿಲ್ಲಾ ಮಂಡಳಿ ತೆಗೆದುಹಾಕಿದ ಮೇಲೆ ಹೀಗೆ.

"ನಾಳೆ ಹೋಗ್ತೀರಂತೆ, ಅಣ್ಣ."

"ಅವನು ಕರೆದಿದ್ದಾನೆ."

"ಅವನು ಏನು ಹೇಳ್ತಾನೆ ಅನ್ನೋದು ನನಗೂ ಗೊತ್ತು." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅವತ್ತು ನಾನೂ ಒಳಗೆ ಬಂದಿದ್ದೆನಲ್ಲ. ಅಕ್ಕನ ಕೈ ನಾನೂ ಮುಟ್ಟಿದ್ದೆ."

ನಾನು ಬನ್ನನ್ನು ಕೈಗೆ ತೆಗೆದುಕೊಂಡೆ.

"ಸುಳ್ಳು ಹೇಳಿ ಅಂತ ನಿಮ್ಮನ್ನ ಕೇಳೋಕೆ ನನಗೆ ಬಾಯಿ ಬರಲ್ಲ. ನೀವು ಏಳೋದೂ ಬೇಡ, ಹೇಳೋದೂ ಬೇಡ. ಸುಮ್ನೆ ಕೂತಿರಿ. ನಿಂತಿದ್ದನ್ನ ಕಂಡವರು ನೂರು ಜನ ಇದ್ದಾರೆ, ಅವರು ಎದ್ದು ಹೇಳ್ತಾರೆ. ರಾತ್ರಿ ನರ್ಸು ಬೇಕು ಅಂತ ಬಾಯಿಬಿಟ್ಟು ಹೇಳ್ತಿರೋನು ನಿಮ್ಮ ಭಾವಮೈದ ಒಬ್ಬನೇ. ಅವನು ಗೆದ್ದರೆ ನಮ್ಮ ಮನೆಯವರು ಇನ್ನೊಂದಷ್ಟು ವರ್ಷ ನನ್ನನ್ನ ಬೈಕೊಂಡು ಇರ್ತಾರೆ. ಅಕ್ಕ ಇದ್ದಿದ್ದರೆ ಬೇಡ ಅಂತಿದ್ದರಾ?"

ಅವಳು ಏನು ಅನ್ನುತ್ತಿದ್ದಳೋ ನನಗೆ ತಿಳಿಯಲಿಲ್ಲ. ಬನ್ನು ಬಿಸಿಯಿತ್ತು. ಅದನ್ನು ಅಲ್ಲಿಯೇ ಇಟ್ಟುಕೊಂಡು ಕುಳಿತೆ.

ಆ ಸಂಜೆ ಪ್ರಾರ್ಥನೆಯಲ್ಲಿ ನಾನು ದೇವರನ್ನು ಕೇಳಿದ್ದು ಒಂದೇ. ನನ್ನನ್ನು ಎಬ್ಬಿಸಬೇಡಪ್ಪ, ನಾನು ದಣಿದಿದ್ದೇನೆ. ಸುಳ್ಳು ಹೇಳುವುದಿಲ್ಲ, ನಿಜವನ್ನೂ ನಾನೇ ಹೊರಬೇಕೆಂದು ಹೇಳಬೇಡ. ಇಷ್ಟು ವರ್ಷ ಕೈಮುಗಿದವನಿಗೆ ಇಷ್ಟು ಮಾತ್ರ ನಡೆಸಿಕೊಡು. ಹಾಗೆ ಬೇಡಿ, ಮನಸ್ಸಿನಲ್ಲಿ ಕೂತೇ ಇರುವುದೆಂದು ಗಟ್ಟಿಮಾಡಿಕೊಂಡು ಮಲಗಿದೆ.

ಭಾನುವಾರ ಭವನ ತುಂಬಿತ್ತು. ಪಂಖಗಳು ತಿರುಗುತ್ತಿದ್ದವು, ಗಾಳಿ ಮಾತ್ರ ಯಾರಿಗೂ ತಗಲುತ್ತಿರಲಿಲ್ಲ. ವೇದಿಕೆಯಲ್ಲಿ ಉದ್ದ ಮೇಜು. ನಡುವೆ ಅಧ್ಯಕ್ಷರ ಕುರ್ಚಿಯಲ್ಲಿ ದೊಡ್ಡ ಟೀಚರ್. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಅಭ್ಯರ್ಥಿಗಳಲ್ಲಿ ಇಬ್ಬರ ಕಿವಿ ಹಿಂಡಿದವರು. ಅವರ ಎಡಕ್ಕೆ ಈಗ ಸದಸ್ಯರಾಗಿರುವ ಸಿಮೆಂಟ್ ಅಂಗಡಿಯವರು. ಇವರನ್ನು ಊರು 'ಆಮೇಲೆ ಸಾಹೇಬರು' ಎಂದು ಕರೆಯುತ್ತದೆ. ಏನು ಕೇಳಿದರೂ 'ಆಮೇಲೆ ನೋಡೋಣ' ಎನ್ನುವುದು ಅವರ ರೂಢಿ. ಬಲಕ್ಕೆ ಒಬ್ಬ ವಕೀಲೆ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು. ತುದಿಯಲ್ಲಿ ನಮ್ಮವನು, ಇಸ್ತ್ರಿಯ ಗೆರೆ ತಪ್ಪಿದ ಅಂಗಿಯಲ್ಲಿ. ಅವಳಿದ್ದಾಗ ಅವನ ಅಂಗಿಯ ಗೆರೆ ತಪ್ಪುತ್ತಿರಲಿಲ್ಲ.

ಮೊದಲು ಬೀದಿದೀಪದ ಪ್ರಶ್ನೆ ಬಂತು.

"ನಮ್ಮ ಬೀದಿಯ ದೀಪ ಯಾವಾಗ ಹತ್ತುತ್ತೆ ಸಾಹೇಬ್ರೇ?" ಎಂದು ಹಿಂದಿನ ಸಾಲಿನ ಟೀ ಅಂಗಡಿಯವನು ಕೇಳಿದ.

"ಟೆಂಡರ್ ಆಗಿದೆ. ಆಮೇಲೆ..."

"ಆಮೇಲೆ ನೋಡೋಣ!" ಎಂದು ಇಡೀ ಭವನ ಮುಗಿಸಿತು. ಆಮೇಲೆ ಸಾಹೇಬರೂ ನಕ್ಕರು. ಅವರಿಗೆ ಬೇಸರವೇ ಆಗುವುದಿಲ್ಲ, ಅದೇ ಅವರ ಶಕ್ತಿ.

"ನೀವು ನೋಡೋದಾದ್ರೂ ಹೇಗೆ, ಕತ್ತಲಲ್ಲವಾ?" ಎಂದ ಟೀ ಅಂಗಡಿಯವನು. ಟೀಚರ್ ಪೆನ್ನಿನಿಂದ ಮೇಜು ಕುಟ್ಟಿದರು.

ಕಸದ ಪ್ರಶ್ನೆಗೆ ವಕೀಲೆ ಒಂದು ಸಮಿತಿ ಮಾಡಿಸುವುದಾಗಿ ಹೇಳಿದರು. ನೀರಿನ ಪ್ರಶ್ನೆಗೂ ಸಮಿತಿ ಎಂದರು. "ಸಮಿತಿಯವರು ಬಂದು ಕಸ ಗುಡಿಸ್ತಾರೇನಮ್ಮ?" ಎಂದು ಒಬ್ಬ ಅಜ್ಜಿ ಕೇಳಿದಾಗ, "ಗುಡಿಸಿದ್ದಾರೋ ಇಲ್ಲವೋ ನೋಡ್ತಾರೆ, ಅಜ್ಜಿ" ಎಂದರು ಪಾಪ, ಗಂಭೀರವಾಗಿ. ಹೆಂಗಸು ಒಳ್ಳೆಯವಳು. ಓದಿಕೊಂಡು ಬಂದಿದ್ದಳು. ಆ ಬಿಸಿಲಿಗೆ ಓದಿದ್ದೆಲ್ಲ ಒಣಗಿಹೋಗಿತ್ತು.

ನನಗೆ ತೂಕಡಿಕೆ ಬರುತ್ತಿತ್ತು. ಇದೇ ದೀಪ, ಇದೇ ಕಸ, ಇದೇ ನೀರು. ಹಿಂದಿನ ಚುನಾವಣೆಗೆ ಅವಳು ಪಕ್ಕದಲ್ಲಿ ಕುಳಿತು, ಯಾರು ಏನು ಹೇಳಿದರೂ "ಆಯ್ತಪ್ಪ, ಆಯ್ತು" ಎಂದು ಮೆಲ್ಲನೆ ಒಪ್ಪಿಗೆ ಕೊಡುತ್ತಿದ್ದಳು. ಎಲ್ಲರಿಗೂ ಒಪ್ಪಿಗೆ. ಕೊನೆಗೆ ಯಾರಿಗೆ ಮತ ಹಾಕಿದಳೆಂದು ನನಗೂ ಹೇಳಲಿಲ್ಲ.

ಆಗ ಬೇಕರಿಯ ತಾಯಿ ಎದ್ದರು. "ಸೇತುವೆ ಮುಚ್ಚಿದೆ. ದವಾಖಾನೆ ಸಂಜೆಗೇ ಮುಚ್ಚುತ್ತೆ. ಕತ್ತಲಾದ ಮೇಲೆ ಕಾಯಿಲೆ ಬಿದ್ದವರು ಏನು ಮಾಡಬೇಕು? ಮೂವರೂ ಹೇಳಿ."

ಆಮೇಲೆ ಸಾಹೇಬರು, ಹಳೆಯ ಸೇತುವೆಗೆ ತೇಪೆ ಹಾಕುವುದು ದಂಡ, ಕೆಳಗಡೆ ಹೊಸ ಸೇತುವೆ ಕಟ್ಟಬೇಕು, ಅದು ಬಂದರೆ ಆಸ್ಪತ್ರೆ ಅಂಗೈಯಲ್ಲಿ ಎಂದರು. "ಸಿಮೆಂಟು ಎಲ್ಲಿಂದ ತರ್ತೀರಿ?" ಎಂದು ಯಾರೋ ಕೂಗಿದರು. ವಕೀಲೆ, ಹಳೆಯದನ್ನೇ ಗಟ್ಟಿಮಾಡಬಹುದು, ಕಂಬಗಳನ್ನು ತಜ್ಞರು ನೋಡಲಿ ಎಂದರು. ಕೊನೆಗೆ ಭಾವಮೈದುನ ಎದ್ದ.

"ಸೇತುವೆ ಹೊಸದಾಗಲಿ, ಹಳೇದಾಗಲಿ, ವರ್ಷಗಟ್ಟಲೆ ಹಿಡಿಯುತ್ತೆ. ಅಲ್ಲೀವರೆಗೆ ಈ ದಡದಲ್ಲೇ ರಾತ್ರಿ ಒಬ್ಬ ನರ್ಸು ಇರಬೇಕು, ಒಂದು ಆಂಬುಲೆನ್ಸು ಇರಬೇಕು. ನಾನು ಮೊದಲ ಸಭೆಯಲ್ಲೇ ಇದನ್ನ ಕೇಳ್ತೀನಿ." ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಳ್ಳೆಯ ಉತ್ತರ ಅದು. ಭವನವೂ ತಲೆದೂಗುತ್ತಿತ್ತು. ಆದರೆ ಅವನ ದನಿ ಏರಿತು. "ಯಾಕೆ ಅಂದ್ರೆ, ನಮ್ಮ ಅಕ್ಕ ಹಾಗೆ ಸತ್ತಳು. ಸೇತುವೆಯ ಮುಂದೆ, ಆಂಬುಲೆನ್ಸಿನಲ್ಲಿ, ಕಾದು ಕಾದು ಸತ್ತಳು."

ಟೀಚರ್ ಕೈಯೆತ್ತಿದರು. ಅವರಿಗೂ ಕಷ್ಟವಾಯಿತೆಂದು ಕಾಣುತ್ತದೆ, ದನಿ ಮೆತ್ತಗಿತ್ತು. "ಕಂಡವರು ಯಾರು?"

ಕುರ್ಚಿಗಳು ಕಿರುಗುಟ್ಟಿದವು. ಹತ್ತಾರು ಜನ ಎದ್ದರು. ನಾನು ಏಳಲಿಲ್ಲ. ಭಾವಮೈದುನ ನನ್ನ ಕಡೆ ನೋಡಿದ. ನಾನು ನನ್ನ ಬೆರಳುಗಳನ್ನು ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಅಂಟು ಒಣಗಿತ್ತು.

ಒಬ್ಬೊಬ್ಬರಾಗಿ ಹೇಳಿದರು. ನಾನು ಕಂಡೆ, ಗಾಡಿ ನಿಂತಿತ್ತು. ನಾನು ಕಂಡೆ, ದೀಪ ತಿರುಗುತ್ತಿತ್ತು. ನಾನು ಕಂಡೆ, ಬಹಳ ಹೊತ್ತು ನಿಂತಿತ್ತು. ಯಾರೂ ಸುಳ್ಳು ಹೇಳಲಿಲ್ಲ. ಕಂಡಷ್ಟನ್ನೇ ಹೇಳಿದರು. ಕೊನೆಗೆ ಟೀ ಅಂಗಡಿಯವನ ಸರದಿ.

"ನಾನು ಕಂಡೆ. ಡ್ರೈವರು ಇಳಿದು ನಮ್ಮ ಅಂಗಡಿಗೆ ಬಂದ. ಟೀ ಕೇಳಿದ. ಎರಡು ಬಿಸ್ಕತ್ತು ತಿಂದ. ನಿಧಾನವಾಗಿ ಕುಡಿದ."

ಭವನದಲ್ಲಿ ಹಾವು ಬುಸುಗುಟ್ಟಿದಂತೆ ಒಂದು ಸದ್ದು ಹಿಂದಿನಿಂದ ಮುಂದಕ್ಕೆ ಹರಿದು ಬಂತು.

"ಒಳಗೆ ಹೆಣ್ಣುಮಗಳು ಒದ್ದಾಡ್ತಿದ್ರೆ ಇವನು ಬಿಸ್ಕತ್ತು ತಿಂದನಾ?"

"ಮನುಷ್ಯನೇನ್ರೀ ಅವನು?"

ಭಾವಮೈದುನನ ಮುಖ ಬಿಳುಚಿತು. ಈ ಮಾತನ್ನು ಅವನು ಮೊದಲ ಸಲ ಕೇಳುತ್ತಿದ್ದ. "ಆ ಡ್ರೈವರ್ ಯಾರು ಅಂತ ನನಗೆ ಹೇಳಿ" ಎಂದ. ದನಿ ಅವನದಾಗಿರಲಿಲ್ಲ.

"ನಾನು ಹೇಳ್ತೀನಿ," ಎಂದು ಆಮೇಲೆ ಸಾಹೇಬರು ಎದ್ದರು. "ಅವನು ಮಂಡಳಿಯ ನೌಕರ. ನಾಳೆ ಬೆಳಗ್ಗೆಯೇ ಅವನನ್ನ ಕೆಲಸದಿಂದ ತೆಗೆಸ್ತೀನಿ. ಇದರಲ್ಲಿ ಆಮೇಲೆ ಅನ್ನೋ ಮಾತಿಲ್ಲ."

ಅವರ ಸದಸ್ಯತನದಲ್ಲಿ ಮೊದಲ ಸಲ ಜನ ಅವರಿಗೆ ಚಪ್ಪಾಳೆ ತಟ್ಟಿದರು.

ಆ ಡ್ರೈವರು ಎಳೆಯ ವಯಸ್ಸಿನವನು. ಸೇತುವೆಯ ಮುಂದೆ ಗಾಡಿ ನಿಲ್ಲಿಸಿ, ಸುತ್ತಿಕೊಂಡು ಬರಬೇಕೋ, ಡಾಕ್ಟರೇ ಈ ಕಡೆಗೆ ಬರುತ್ತಾರೋ ಎಂದು ಆಸ್ಪತ್ರೆಗೆ ಫೋನು ಮಾಡಿದ. ಕಾಯಿರಿ, ಕೇಳಿ ಹೇಳುತ್ತೇವೆ ಎಂದರು. ಹಿಂದೆ ಬಂದು, ಅವಳ ಪಕ್ಕದಲ್ಲಿ ಕುಳಿತಿದ್ದ ನನ್ನನ್ನು ಕೇಳಿದ. "ತಾತ, ಬೆಳಗ್ಗಿಂದ ಏನೂ ತಿಂದಿಲ್ಲ, ತಲೆ ಸುತ್ತುತ್ತಿದೆ. ನೀವು ಹೂಂ ಅಂದ್ರೆ ಒಂದು ಟೀ ಕುಡಿದು ಬರ್ತೀನಿ. ಬೇಡ ಅಂದ್ರೆ ಹೋಗಲ್ಲ." ಹೋಗಿ ಬಾಪ್ಪ ಎಂದವನು ನಾನು. ಅವಳಿದ್ದಿದ್ದರೆ, ಟೀ ಒಂದೇ ಸಾಲದು, ಏನಾದರೂ ತಿನ್ನು ಎನ್ನುತ್ತಿದ್ದಳು. ಆದ್ದರಿಂದ ಬಿಸ್ಕತ್ತು ತಿನ್ನಲು ಹೇಳಿದವನೂ ನಾನೇ.

ನಾನು ಎದ್ದೆ. ಏಳಬೇಕೆಂದು ಎದ್ದದ್ದಲ್ಲ. ಮೊಣಕಾಲು ನನ್ನನ್ನು ಕೇಳದೆ ಎದ್ದುಬಿಟ್ಟಿತು. ಪಕ್ಕದ ಸಾಲಿನಲ್ಲಿ ಬೇಕರಿಯ ತಾಯಿ "ಅಣ್ಣ" ಎಂದರು, ಅಷ್ಟೇ.

"ಹೇಳಿ," ಎಂದರು ಟೀಚರ್.

"ನಾನು ಕಂಡೆ," ಎಂದೆ. ಹಿಂದಿನವರಿಗೂ ಕೇಳುವಂತೆ ಮತ್ತೆ ಆರಂಭಿಸಿದೆ. "ನಾನು ಕಂಡೆ. ಅವಳು ಮನೆಯಲ್ಲೇ ಹೋಗಿದ್ದಳು. ಮಧ್ಯಾಹ್ನ, ಕೂತ ಕಡೆಯಲ್ಲೇ. ನಾನು ನೋಡೋ ಹೊತ್ತಿಗೆ ಕೈ ತಣ್ಣಗಾಗಿತ್ತು. ಗಾಡಿ ನಿಂತಾಗ ಒಳಗೆ ಒದ್ದಾಡೋರು ಯಾರೂ ಇರಲಿಲ್ಲ. ಆ ಡ್ರೈವರು ನನ್ನನ್ನ ಕೇಳೇ ಹೋದ. ಹೋಗು ಅಂದವನು ನಾನು."

ಕುಳಿತುಕೊಂಡೆ. ಎದ್ದು ನಿಂತಿದ್ದವರು, ತಾವು ಹೇಳಿದ್ದರಲ್ಲಿ ತಪ್ಪೇನಿತ್ತೆಂದು ತಿಳಿಯದೆ, ಒಬ್ಬರ ಮುಖ ಒಬ್ಬರು ನೋಡಿ ಮೆಲ್ಲನೆ ಕುಳಿತರು. ಆಮೇಲೆ ಸಾಹೇಬರು ನೀರು ಕುಡಿದರು.

ದೊಡ್ಡ ಟೀಚರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಭಾವಮೈದುನನ ಕಡೆ ತಿರುಗಿ, "ಆ ಸಂಗತಿ ಬಿಟ್ಟು ಇನ್ನೊಮ್ಮೆ ಉತ್ತರ ಕೊಡಪ್ಪ," ಎಂದರು.

ಅವನು ನಿಂತ. ಬಾಯಿ ತೆರೆದ. ರಾತ್ರಿಯ ನರ್ಸು, ಈ ದಡದಲ್ಲೊಂದು ಆಂಬುಲೆನ್ಸು, ಅದೆಲ್ಲ ಅವನ ನಾಲಿಗೆಯ ಮೇಲೇ ಇತ್ತು. ಅದರಲ್ಲಿ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ. ಇನ್ನೊಮ್ಮೆ ಹೇಳಿದ್ದರೆ ಜನ ಕೇಳುತ್ತಿದ್ದರೇನೋ. ಅವನಿಗೆ ಆಗಲಿಲ್ಲ.

"ಉತ್ತರ ಇಲ್ಲ ಟೀಚರ್," ಎಂದು ಕುಳಿತುಬಿಟ್ಟ.

ಮುಂದಿನ ಪ್ರಶ್ನೆ ಮಾರುಕಟ್ಟೆಯ ಛಾವಣಿ ಸೋರುವುದರ ಬಗ್ಗೆ.

ಸಭೆ ಮುಗಿದು ಜನ ಚದುರಿದಾಗ ಬೇಕರಿಯ ತಾಯಿ ನನ್ನ ಮುಂದೆ ನಿಂತರು. ಅಳುತ್ತಿರಲಿಲ್ಲ. ದಣಿದಿದ್ದರು, ನನ್ನ ಹಾಗೆಯೇ.

"ನಿಜ ಹೇಳಿ ನೀವು ಹಗುರಾದ್ರಿ ಅಲ್ವಾ ಅಣ್ಣ? ನಮ್ಮ ಮನೆಯವರ ಎದೆ ಹಗುರಾಗಲ್ಲ."

ನಾನು ಹಗುರಾಗಿರಲಿಲ್ಲ. ಹಾಗೆಂದು ಅವರಿಗೆ ಹೇಳಿ ಏನು ಪ್ರಯೋಜನ? ಆ ಹುಡುಗನ ಅನ್ನ ಉಳಿಯಿತೆಂದು ಹೇಳಬಹುದಿತ್ತು. ಒಬ್ಬನ ಅನ್ನ, ಒಬ್ಬನ ಉಸಿರು, ಇವನ್ನು ತಕ್ಕಡಿಗೆ ಹಾಕುವ ಕೈ ನನ್ನದಲ್ಲ. ತಲೆ ತಗ್ಗಿಸಿದೆ. ಅವರು ಹೊರಟುಹೋದರು.

ಭಾವಮೈದುನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಅದು ಅಭ್ಯರ್ಥಿಗಳ ಕೆಲಸವಲ್ಲ. ಕೈಗೆ ಏನಾದರೂ ಬೇಕಾಗಿತ್ತು. ನಾನು ಹೋಗಿ ಇನ್ನೊಂದು ತುದಿಯಿಂದ ಪೇರಿಸತೊಡಗಿದೆ.

"ಮನೇಲೇ ಹೇಳಬಹುದಿತ್ತಲ್ಲ ಭಾವ."

"ಹೇಳೋಕೆ ಬಂದೆ. ಆಂಬುಲೆನ್ಸು ನಿಂತಿತ್ತೋ ಇಲ್ಲವೋ ಅಂದೆ ನೀನು."

ಅವನು ಒಂದು ಕುರ್ಚಿಯನ್ನು ಎತ್ತಿದವನು ಹಾಗೆಯೇ ಹಿಡಿದುಕೊಂಡು ನಿಂತ. "ಹಾಗಾದ್ರೆ ಯಾರ ತಪ್ಪು?"

"ಯಾರದೂ ಅಲ್ಲಪ್ಪ."

"ಯಾರದೂ ಅಲ್ಲ ಅಂದ್ರೆ?" ಅವನ ಒಡೆದ ಗಂಟಲಿನಿಂದ ಮಾತು ತುಂಡುತುಂಡಾಗಿ ಬಂತು. "ಯಾರದೂ ಅಲ್ಲ ಅಂದ್ರೆ ನಾನೇನು ಮಾಡಲಿ? ಇಷ್ಟು ದಿನ ಬೆಳಗ್ಗೆ ಎದ್ದರೆ ಒಂದು ಕೆಲಸ ಇತ್ತು. ಸೇತುವೆ ಬೈಯೋದು, ಮಂಡಳಿ ಬೈಯೋದು, ಮನೆಮನೆಗೆ ಹೋಗೋದು. ಅಕ್ಕನಿಗೋಸ್ಕರ ಅಂತ. ಈಗ ಯಾರಿಗೋಸ್ಕರ ಹೋಗಲಿ?"

ಬೇಕರಿಯವರ ಗಂಡನಿಗೋಸ್ಕರ ಹೋಗು ಎನ್ನಬೇಕಿತ್ತು. ಹಾಗೆ ಹೇಳುವ ಶಕ್ತಿ ನನಗಿರಲಿಲ್ಲ. ಕೇಳುವ ಶಕ್ತಿ ಅವನಿಗೂ ಇರಲಿಲ್ಲ. ಅವಳು ಹೋದದ್ದು ದೇವರ ಇಚ್ಛೆ ಎಂದು ನಾನು ಮೊದಲ ದಿನದಿಂದ ಹೇಳಿಕೊಂಡು ಬಂದಿದ್ದೇನೆ, ನಂಬಿಯೂ ಇದ್ದೇನೆ. ಆ ಮಾತನ್ನು ಅವನ ಕೈಗೆ ಕೊಡಲು ನೋಡಿದರೆ, ಅದು ಅಷ್ಟು ದೊಡ್ಡ ಭವನದಲ್ಲಿ ತೀರಾ ಚಿಕ್ಕದಾಗಿ ಕಂಡಿತು. ಕೊಡಲಿಲ್ಲ.

ಅವನು ಕುರ್ಚಿಯನ್ನು ಕೆಳಗಿಟ್ಟು ಹೊರಟುಹೋದ. ಉಳಿದವನ್ನು ನಾನು ಪೇರಿಸಿದೆ.

ಆಮೇಲೆ ಸಾಹೇಬರೇ ಮತ್ತೆ ಗೆದ್ದರು. ವಕೀಲೆ ಎರಡನೆಯವರಾದರು. ನಮ್ಮವನು ಕೊನೆಯ ದಿನಗಳಲ್ಲಿ ಯಾರ ಮನೆಗೂ ಹೋಗಲಿಲ್ಲವಂತೆ. ವ್ಯಾನಿನಲ್ಲಿ ಮಕ್ಕಳನ್ನು ಸುತ್ತುದಾರಿಯಲ್ಲಿ ಬಿಟ್ಟು ಬಂದು ಮಲಗಿಬಿಡುತ್ತಿದ್ದನಂತೆ. ಆ ಡ್ರೈವರನ ಸುದ್ದಿಯನ್ನು ಮತ್ತೆ ಯಾರೂ ಎತ್ತಲಿಲ್ಲ. ಹೊಸ ಸೇತುವೆಯ ಜಾಗದಲ್ಲಿ ಒಂದು ಫಲಕ ನೆಟ್ಟಿದ್ದಾರೆ. ದವಾಖಾನೆಗೆ ಸಂಜೆ ಬೀಗ ಬೀಳುತ್ತದೆ. ಬೇಕರಿಯ ತಾಯಿ ಗಂಡನನ್ನು ಹೊಳೆಯಾಚೆ ಮಗಳ ಮನೆಯಲ್ಲಿ ಬಿಟ್ಟು ಬಂದಿದ್ದಾರೆ. ಒಬ್ಬರೇ ಒಲೆ ಹಚ್ಚುತ್ತಾರೆ. ಗೋಡೆಯಾಚೆ ಬೆಳಗಿನ ಹೊತ್ತು ತಟ್ಟೆಗಳ ಸದ್ದು ಕೇಳುತ್ತದೆ, ಗಂಡನ ಬೈಗಳು ಕೇಳುವುದಿಲ್ಲ. ಬೈಯುವುದಕ್ಕೆ ಯಾರೂ ಇಲ್ಲವಲ್ಲ. ನನ್ನೊಡನೆ ಮಾತು ಬಿಟ್ಟಿಲ್ಲ. ಬನ್ನು ಕೇಳಿದರೆ ಕೊಡುತ್ತಾರೆ, 'ಅಣ್ಣ' ಎನ್ನುವುದಿಲ್ಲ. ಪ್ರತಿದಿನದ ಪ್ರಾರ್ಥನೆಯಲ್ಲಿ ಆಕೆಯ ಗಂಡನ ಹೆಸರನ್ನೂ ಹೇಳುತ್ತೇನೆ. ನನಗೆ ತಿಳಿದ ಕೆಲಸ ಅದೊಂದೇ.

ಭಾವಮೈದುನ ಬಹಳ ದಿನ ಬರಲಿಲ್ಲ. ನಾನೂ ಕರೆಯಲಿಲ್ಲ. ಕರೆದರೆ ಏನು ಹೇಳುವುದು?

ಒಂದು ಸಂಜೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನೇರ ಒಳಗೆ ಹೋಗಿ, ಒಲೆಯ ಮೇಲೆ ನೀರಿಟ್ಟು, ಎರಡು ಲೋಟ ಟೀ ಮಾಡಿಕೊಂಡು ಬಂದ. ಸಕ್ಕರೆ ಜಾಸ್ತಿಯಾಗಿತ್ತು. ಚಿಕ್ಕಂದಿನಿಂದಲೂ ಅವನದು ಹಾಗೆಯೇ.

"ಭಾವ," ಎಂದ, ಲೋಟದೊಳಗೆ ನೋಡುತ್ತಾ. "ಅವತ್ತಿಂದು ಹೇಳಿ."

"ಹೇಳಿದೆನಲ್ಲ, ಎಲ್ಲರ ಮುಂದೆ."

"ಸತ್ತಿದ್ದಲ್ಲ. ಅದಕ್ಕೆ ಮುಂಚೆಯದು. ಬೆಳಗ್ಗಿಂದ ಏನು ಮಾಡಿದಳು, ಏನು ಅಂದಳು. ನಾನು ಊರಲ್ಲಿ ಇರಲಿಲ್ಲ. ಒಂದು ದಿನ ಪೂರ್ತಿ ನನಗೆ ಗೊತ್ತೇ ಇಲ್ಲ."

ಅದುವರೆಗೆ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಊರೆಲ್ಲ ಅವಳ ಕೊನೆಯ ಸಂಜೆಯನ್ನು ಮಾತಾಡಿತು. ಆ ಬೆಳಗು ನನ್ನೊಬ್ಬನ ಬಳಿಯೇ ಉಳಿದುಬಿಟ್ಟಿತ್ತು, ಹೊಲಿಯದೆ ಬಿಟ್ಟ ಹಾಳೆಗಳ ಹಾಗೆ.

"ಎದ್ದವಳೇ ನಿನ್ನನ್ನ ಬೈದಳು," ಎಂದೆ.

ಅವನು ತಲೆಯೆತ್ತಿದ. "ನನ್ನನ್ನಾ? ಯಾಕೆ?"

"ಏಣಿ ತಗೊಂಡು ಹೋದವನು ವಾಪಸ್ ತಂದುಕೊಟ್ಟಿಲ್ಲ ಅಂತ. ಅಟ್ಟದ ಮೇಲಿನ ಪಾತ್ರೆ ಇಳಿಸಬೇಕಿತ್ತು ಅವಳಿಗೆ. 'ನನ್ನ ತಮ್ಮ ದೊಡ್ಡ ಮನುಷ್ಯ ಆಗಿದ್ದಾನೆ, ಏಣಿ ಹತ್ತಿ ಎಲ್ಲಿಗೆ ಹೋದನೋ' ಅಂದಳು."

ಅವನಿಗೆ ನಗು ಬಂತು. ಬಂದ ನಗು ನಡುದಾರಿಯಲ್ಲಿ ಬೇರೆಯಾಯಿತು. ತೋಳಿನಿಂದ ಮುಖ ಒರೆಸಿಕೊಂಡ.

"ಏಣಿ ಇನ್ನೂ ನಮ್ಮ ಮನೇಲೇ ಇದೆ ಭಾವ."

"ಇರಲಿ ಬಿಡು."

"ಆಮೇಲೆ?"

"ಆಮೇಲೆ ನನ್ನನ್ನ ಬೈದಳು. ಅದು ದಿನಾ ಇದ್ದದ್ದೇ. ಹಲ್ಲುಜ್ಜೋವಾಗ ಒಂದು ಸಲ, ತಿಂಡಿಗೆ ಕೂತಾಗ ಒಂದು ಸಲ. ತಿಂಡಿಗೆ ಕೂತಾಗ ಬೈದದ್ದು ಯಾಕೆ ಅಂದ್ರೆ..."

ಹೊರಗೆ ಕತ್ತಲಾಗುತ್ತಿತ್ತು. ಪ್ರಾರ್ಥನೆಯ ಹೊತ್ತು ಮೀರುತ್ತಿತ್ತು. ನಾನು ಏಳಲಿಲ್ಲ. ಅವಳು ತಿಂಡಿಗೆ ಕುಳಿತಲ್ಲಿಯವರೆಗೆ ಬಂದಿದ್ದೆ. ಅವಳ ದಿನ ಇನ್ನೂ ಬಹಳ ಉಳಿದಿತ್ತು.